ದಾದಿಯರ ಶಾಲೆಯೂ ವಯಸ್ಸಿನ ಗೆರೆಯೂ

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬುದು ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಗಾದೆ. ವಿದ್ಯೆಗೆ ಎಳೆಯ ವಯಸ್ಸೇ ತಕ್ಕದ್ದು, ಮೂವತ್ತು ದಾಟಿದವರಿಗೆ ಪಾಠ ತಲೆಗೆ ಹತ್ತದು ಎನ್ನುವಾಗ ಈ ಗಾದೆಯನ್ನೇ ಮುಂದಿಡುತ್ತೇವೆ. ಎರಡು ಮಕ್ಕಳ ತಾಯಿಯಾದ ಹೆಂಗಸೊಬ್ಬಳು ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ ದಾದಿಯರ ಶಾಲೆಗೆ ಅರ್ಜಿ ಹಾಕುತ್ತೇನೆಂದು ಮನೆಯಲ್ಲಿ ಹೇಳಲಿ. ‘ಏನವ್ವಾ, ಈ ವಯಸ್ಸಿನಾಗೆ ಸಣ್ಣ ಹುಡುಗ್ಯಾರ ಜತಿಗೆ ಬೆಂಚಿನ ಮ್ಯಾಲೆ ಕುಂದ್ರುತೀಯಾ?’ ಎಂಬ ಮಾತು ದಾವಣಗೆರೆಯ ಮನೆಗಳಲ್ಲಿ ಕೂಡಲೇ ಕೇಳಿಬರುತ್ತದೆ. ಆಡಿದವರಿಗೆ ಅದು ಲಘುವಾದ ಮಾತು. ಕೇಳಿದವಳಿಗೆ ಅದು ಒಂದು ಬಾಗಿಲು ಮುಚ್ಚಿದ ಸದ್ದು.

ಆದರೆ ದಾದಿಯರ ಶಾಲೆಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಅಚ್ಚರಿಯ ಸಂಗತಿಯೊಂದು ಕಾಣಬರುತ್ತದೆ. ಈ ಶಾಲೆಗಳನ್ನು ಮೊದಲು ಕಟ್ಟಿದವರು ಎಳೆಯ ಹುಡುಗಿಯರಿಗಾಗಿ ಕಟ್ಟಲಿಲ್ಲ. ಅವರು ಬಯಸಿದ್ದು ಬದುಕನ್ನು ಕಂಡ, ವಯಸ್ಸು ಬಲಿತ ಹೆಂಗಸರನ್ನು. ಇಂದು ಹದಿನೇಳು ಹದಿನೆಂಟರ ಹುಡುಗಿ ಅಲ್ಲಿ ಸಹಜವಾಗಿ ಕಾಣುತ್ತಾಳೆ, ಮೂವತ್ತರ ಹೆಂಗಸು ಹೊರಗಿನವಳಂತೆ ಕಾಣುತ್ತಾಳೆ. ಆರಂಭದಲ್ಲಿ ಪರಿಸ್ಥಿತಿ ಇದಕ್ಕೆ ತಿರುವುಮುರುವಾಗಿತ್ತು. ಈ ಬದಲಾವಣೆ ಹೇಗೆ ಆಯಿತೆಂಬುದನ್ನು ತಿಳಿಯುವುದು ಬರಿಯ ಕುತೂಹಲದ ವಿಷಯವಲ್ಲ. ಅರ್ಜಿ ಕೈಯಲ್ಲಿ ಹಿಡಿದು ಹಿಂದುಮುಂದು ನೋಡುತ್ತಿರುವ ಹೆಣ್ಣುಮಕ್ಕಳಿಗೂ ಅವರ ಮನೆಯವರಿಗೂ ಅದು ಬೇಕಾದ ತಿಳಿವಳಿಕೆ.

ಈ ಮಾತನ್ನು ದಾವಣಗೆರೆಯಲ್ಲಿ ನಿಂತು ಆಡುವುದಕ್ಕೆ ಕಾರಣವುಂಟು. ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಹೆಸರಾದ ಊರು ಇದು. ಗಿರಣಿಯ ಸೀಟಿಗೆ ಎದ್ದು, ಗಿರಣಿಯ ಸೀಟಿಗೆ ಮಲಗುತ್ತಿದ್ದ ಸಂಸಾರಗಳು ಇಲ್ಲಿ ಸಾವಿರಾರು ಇದ್ದವು. ನೆರೆಯ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಯಂತ್ರ ಕಾರ್ಖಾನೆ ಮತ್ತಷ್ಟು ಮನೆಗಳಿಗೆ ಅನ್ನ ಕೊಟ್ಟಿತು. ಕಾಲ ಕಳೆದಂತೆ ಗಿರಣಿಗಳು ನಿಂತವು, ಕಾರ್ಖಾನೆಯೂ ಮುಚ್ಚಿತು. ಇತ್ತ ವಿದ್ಯಾಸಂಸ್ಥೆಗಳು ಬೆಳೆದವು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆ. ಜೆ. ಎಂ. ವೈದ್ಯಕೀಯ ಕಾಲೇಜು ತೆರೆಯಿತು. ಚಿಗಟೇರಿ ಆಸ್ಪತ್ರೆ, ಬಾಪೂಜಿ ಆಸ್ಪತ್ರೆಗಳ ಸುತ್ತ ರೋಗಿಗಳ ಜೊತೆಗೆ ವಿದ್ಯಾರ್ಥಿಗಳ ಸಂದಣಿಯೂ ಸೇರಿತು. ವೈದ್ಯಕೀಯದ ಬೆನ್ನಿಗೆ ನರ್ಸಿಂಗ್ ಶಾಲೆ ಕಾಲೇಜುಗಳೂ ಬಂದವು. ವಿದ್ಯಾನಗರವೆಂಬ ಬಡಾವಣೆಯ ಹೆಸರೇ ಊರು ಹಿಡಿದ ದಾರಿಯನ್ನು ಹೇಳುತ್ತದೆ. ಗಂಡನ ಸಂಬಳ ನಿಂತುಹೋದ ಮನೆಯ ಹೆಂಗಸು, ಮಂಡಕ್ಕಿ ಭಟ್ಟಿಯಲ್ಲೋ ಹೊಲಿಗೆ ಯಂತ್ರದ ಮುಂದೆಯೋ ದುಡಿಯುವ ಹೆಂಗಸು, ಇಂತಹ ಊರಿನಲ್ಲಿ ದಾದಿಯ ಬಿಳಿಯ ಉಡುಪನ್ನು ನೋಡಿ ‘ನಾನೂ ಕಲಿತಿದ್ದರೆ’ ಎಂದುಕೊಳ್ಳುವುದು ಸಹಜವೇ ಅಲ್ಲವೆ?

ಈಗ ಚರಿತ್ರೆಯತ್ತ ತಿರುಗೋಣ. ಆಧುನಿಕ ಶುಶ್ರೂಷೆಯ ತಾಯಿಯೆನಿಸಿದ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ. ಸಿರಿವಂತರ ಮನೆಯ ಮಗಳು ಆಸ್ಪತ್ರೆಯಲ್ಲಿ ಕೆಲಸ ಮಾಡುವುದೆಂದರೆ ಆಗಿನ ಇಂಗ್ಲೆಂಡಿನಲ್ಲಿ ಮಾನಹಾನಿಯ ಮಾತು. ತಾಯಿ, ಅಕ್ಕ ಇಬ್ಬರೂ ಅಡ್ಡ ನಿಂತರು. ವರ್ಷಗಟ್ಟಲೆ ಮನೆಯೊಳಗೆ ಹೆಣಗಿ, ಕೊನೆಗೆ 1851ರಲ್ಲಿ ಜರ್ಮನಿಯ ಕೈಸರ್‌ವರ್ತ್ ಎಂಬಲ್ಲಿಯ ಸೇವಾಶ್ರಮಕ್ಕೆ ಹೋಗಿ ಸುಮಾರು ಮೂರು ತಿಂಗಳು ಶಿಕ್ಷಣ ಪಡೆದರು. ಆಗ ಅವರ ವಯಸ್ಸು 31. ಇಂದಿನ ನಮ್ಮ ಮಾತಿನಲ್ಲಿ ಹೇಳುವುದಾದರೆ ಅವರೇ ‘ತಡವಾಗಿ ಬಂದ ವಿದ್ಯಾರ್ಥಿನಿ’. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ 38 ಮಂದಿ ಹೆಂಗಸರನ್ನು ಕರೆದುಕೊಂಡು ಹೊರಟದ್ದು ಆಮೇಲಿನ ಸಂಗತಿ.

1860ರಲ್ಲಿ ಅವರ ಹೆಸರಿನ ನಿಧಿಯಿಂದ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆ ಆರಂಭವಾಯಿತು. ಮೊದಲು ಸೇರಿದವರು 15 ಮಂದಿ. ಶಿಕ್ಷಣದ ಅವಧಿ ಒಂದು ವರ್ಷ. ಊಟ, ವಸತಿ, ಉಡುಪುಗಳ ಜೊತೆಗೆ ವರ್ಷಕ್ಕೆ 10 ಪೌಂಡ್ ಸಂಭಾವನೆಯೂ ಇತ್ತು. ಆ ಶಾಲೆಯ ನಿಯಮಗಳಲ್ಲಿ ಅಪೇಕ್ಷಣೀಯ ವಯಸ್ಸು ಎಂದು ಕಾಣಿಸಿದ್ದು ಎಷ್ಟು? 25ರಿಂದ 35! ಇಪ್ಪತ್ತೈದು ತುಂಬದವಳು ರೋಗಿಯ ಹಾಸಿಗೆಯ ಬಳಿ ನಿಲ್ಲಲು ಇನ್ನೂ ಪಕ್ವವಾಗಿಲ್ಲ ಎಂಬುದು ಆ ಕಾಲದ ಎಣಿಕೆ.

ಅದಕ್ಕಿಂತ ಸ್ವಾರಸ್ಯವಾದದ್ದು ಆ ಶಾಲೆಯ ಮೇಲ್ವಿಚಾರಕಿಯ ಕಥೆ. ಸೇಂಟ್ ಥಾಮಸ್ ಆಸ್ಪತ್ರೆಯ ಮೇಟ್ರನ್ ಆಗಿದ್ದ ಸಾರಾ ವಾರ್ಡ್‌ರೋಪರ್ ವೈದ್ಯರೊಬ್ಬರ ಪತ್ನಿ. ಗಂಡ ತೀರಿಕೊಂಡಾಗ ವಯಸ್ಸು ನಲವತ್ತು ದಾಟಿತ್ತು; ಕೈಯಲ್ಲಿ ಮಕ್ಕಳು. ಆಸ್ಪತ್ರೆಯ ಕೆಲಸದಲ್ಲಿ ಯಾವ ಶಿಕ್ಷಣವೂ ಇರಲಿಲ್ಲ. ಕೆಲಸ ಮಾಡುತ್ತಲೇ ಕೆಲಸ ಕಲಿತರು. 1854ರಿಂದ 1887ರ ವರೆಗೆ, ಮೂವತ್ತಮೂರು ವರ್ಷ, ಆ ಆಸ್ಪತ್ರೆಯ ದಾದಿಯರನ್ನು ನಡೆಸಿದರು. ಲೋಕದ ನಾನಾ ದೇಶಗಳಿಗೆ ಮಾದರಿಯಾದ ಆ ಶಾಲೆಯ ವಿದ್ಯಾರ್ಥಿನಿಯರನ್ನು ತಿದ್ದಿದವರು, ನಲವತ್ತರ ಮೇಲೆ ವಾರ್ಡಿನೊಳಗೆ ಕಾಲಿಟ್ಟ ಒಬ್ಬ ವಿಧವೆ. ಮರವಾದ ಮೇಲೂ ಬಗ್ಗಬಹುದೆಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನಮ್ಮ ದೇಶಕ್ಕೆ ಬರೋಣ. ಇಲ್ಲಿ ಹೆರಿಗೆಯ ವಿದ್ಯೆ ಶಾಲೆಗಳಿಗಿಂತ ಎಷ್ಟೋ ಹಳೆಯದು. ಊರೂರಿನಲ್ಲಿಯೂ ಸೂಲಗಿತ್ತಿಯಿದ್ದಳು, ಅವಳು ಎಂದೂ ಎಳೆಯ ಹುಡುಗಿಯಾಗಿರಲಿಲ್ಲ. ಹೆತ್ತು, ಸಾಕಿ, ಹತ್ತಾರು ಹೆರಿಗೆಗಳನ್ನು ಹಿರಿಯಳ ಕೈಕೆಳಗೆ ಕಂಡ ಮೇಲೆಯೇ ಜನ ಅವಳನ್ನು ಕರೆಯುತ್ತಿದ್ದುದು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಈ ಪರಂಪರೆಗೆ ಸೇರಿದವರು. 1920ರಲ್ಲಿ ಹುಟ್ಟಿದ ಅವರು ಶಾಲೆಯ ಮುಖ ಕಂಡವರಲ್ಲ. ಅಜ್ಜಿಯ ಜೊತೆ ನಿಂತು ಕಲಿತರು. 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅನುಭವಕ್ಕೆ ಬೆಲೆ ಕೊಡುವುದು ನಮ್ಮ ಜನಕ್ಕೆ ಹೊಸತಲ್ಲವೆಂಬುದಕ್ಕೆ ಅವರ ಬದುಕೇ ನಿದರ್ಶನ.

ಆದರೆ ಸೂಲಗಿತ್ತಿಯ ವಿದ್ಯೆ ಬೇರೆ, ಆಸ್ಪತ್ರೆಯ ಶುಶ್ರೂಷೆ ಬೇರೆ. ಆಸ್ಪತ್ರೆಯಲ್ಲಿ ಗಾಯ ತೊಳೆಯುವುದು, ಪರ ಜಾತಿಯವರ ಮೈಮುಟ್ಟುವುದು, ಗಂಡಸರ ವಾರ್ಡಿನಲ್ಲಿ ರಾತ್ರಿಯೆಲ್ಲ ಎಚ್ಚರವಿರುವುದು, ಇವೆಲ್ಲ ಮೇಲ್ಜಾತಿಯ ಮನೆಗಳಿಗೆ ಒಗ್ಗದ ಮಾತು. ಮತ್ತೊಂದು ಅಡ್ಡಿ ಬಾಲ್ಯವಿವಾಹ. 1894ರಲ್ಲಿ ಮೈಸೂರು ಸಂಸ್ಥಾನ ಮದುವೆಯ ವಿಷಯದಲ್ಲಿ ಕಾನೂನು ತಂದಾಗ ಅದು ತಡೆದದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಅಂದಮೇಲೆ ಹದಿನೇಳರ ಅವಿವಾಹಿತ ಹುಡುಗಿ ದಾದಿಯರ ಶಾಲೆಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ಸೇಂಟ್ ಮಾರ್ಥಾ ಆಸ್ಪತ್ರೆ 1886ರಲ್ಲಿ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿ ಆರಂಭವಾದವು. ಆ ದಿನಗಳಲ್ಲಿ ನಮ್ಮ ದೇಶದ ದಾದಿಯರಲ್ಲಿ ಬಹುಪಾಲು ಕ್ರೈಸ್ತ ಹಾಗೂ ಆಂಗ್ಲೋ ಇಂಡಿಯನ್ ಹೆಣ್ಣುಮಕ್ಕಳೇ. ಉಳಿದ ಸಮಾಜದಿಂದ ಬರಬಹುದಾಗಿದ್ದವರು ಯಾರು? ಸಂಸಾರದ ಹಂಗು ಕಡಿದವರು. ಗಂಡ ಸತ್ತವರು, ಗಂಡ ಬಿಟ್ಟವರು. ವಯಸ್ಸು ಮೀರಿದ ಮೇಲೆಯೇ ಅವರಿಗೆ ಸ್ವಾತಂತ್ರ್ಯ ದೊರೆಯುತ್ತಿದ್ದುದು.

ಈ ಬಾಗಿಲನ್ನು ಮೊದಲು ತಟ್ಟಿದವರ ಸುಳಿವು ಹರಿಹರದ ಆಚೆ ಸಿಗುತ್ತದೆ. ತುಂಗಭದ್ರೆಯ ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತ. ಬೆಂಗಳೂರಿನಿಂದ ಪುಣೆಗೆ ಹೋಗುವ ರೈಲು ಹರಿಹರದಲ್ಲಿ ಹೊಳೆ ದಾಟುತ್ತಿತ್ತು. ಆ ಪುಣೆಯ ಚಳವಳಿಗೆ ನಮ್ಮ ನಾಡಿನ ಸಂಬಂಧವೂ ಉಂಟು. ತುಂಗೆ ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿ, 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವೆಂಬ ಶಾಲೆಯನ್ನು ತೆರೆದರು. ಅಲ್ಲಿಗೆ ಸೇರಿದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ. ಆಕೆ ಬಾಲ್ಯದಲ್ಲಿಯೇ ವಿಧವೆಯಾದವರು. ಶಾಲೆ ಸೇರಿದಾಗ ಇಪ್ಪತ್ತು ದಾಟಿತ್ತು. 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಮರುಮದುವೆಯಾಗಿ ಆನಂದಿಬಾಯಿ ಕರ್ವೆ ಎನಿಸಿದರು. ತಾಯಿಯಾದ ಮೇಲೆ ನಾಗಪುರಕ್ಕೆ ಹೋಗಿ ಹೆರಿಗೆಯ ಶಾಸ್ತ್ರವನ್ನು ಕಲಿತರು. ಮಗುವನ್ನು ಹೆತ್ತ ಮೇಲೆ ಪಾಠಕ್ಕೆ ಕುಳಿತ ಹೆಂಗಸು ಇಂದಿನವಳು ಮಾತ್ರವಲ್ಲ.

ಮುಂದೆ 1909ರಲ್ಲಿ ಪುಣೆಯಲ್ಲಿ ಸೇವಾ ಸದನ ಹುಟ್ಟಿತು. ಅದನ್ನು ನಡೆಸಿದ ರಮಾಬಾಯಿ ರಾನಡೆ ನ್ಯಾಯಮೂರ್ತಿ ರಾನಡೆಯವರ ವಿಧವೆ. ಆಗ ಅವರ ವಯಸ್ಸು ನಲವತ್ತೇಳರ ಸುಮಾರು. ಸದನದ ಹೆಣ್ಣುಮಕ್ಕಳಿಗೆ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶುಶ್ರೂಷೆಯ ಶಿಕ್ಷಣ ಕೊಡಿಸಿದರು. ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದ ವಿಧವೆಯರು ಆಸ್ಪತ್ರೆಯ ವಾರ್ಡಿನಲ್ಲಿ ಬೇಕಾದವರಾದರು. ನಮ್ಮವರ ನಡುವೆ ಈ ಕಸುಬಿಗೆ ಗೌರವ ತಂದವರಲ್ಲಿ ಈ ತಡವಾಗಿ ಬಂದ ಹೆಂಗಸರ ಪಾಲು ದೊಡ್ಡದು ಎಂಬುದನ್ನು ಮರೆಯಲಾಗದು.

ಹಾಗಾದರೆ ವಯಸ್ಸು ಕೆಳಗಿಳಿದದ್ದು ಹೇಗೆ? 1946ರಲ್ಲಿ ಭೋರ್ ಸಮಿತಿ ತನ್ನ ವರದಿ ಒಪ್ಪಿಸಿದಾಗ ಬ್ರಿಟಿಷ್ ಇಂಡಿಯಾದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬಳು. ಕೊರತೆ ಅಷ್ಟಿದ್ದಾಗ ಶಾಲೆಗಳನ್ನು ಬೇಗ ಬೇಗ ತೆರೆಯಬೇಕಾಯಿತು. 1947ರ ಕಾಯಿದೆಯಿಂದ ಭಾರತೀಯ ಶುಶ್ರೂಷಾ ಪರಿಷತ್ತು ಬಂದು ದೇಶಕ್ಕೆಲ್ಲ ಒಂದೇ ಬಗೆಯ ಪಾಠಕ್ರಮ ಏರ್ಪಟ್ಟಿತು. ನಮ್ಮ ರಾಜ್ಯದಲ್ಲಿ ದಾದಿಯರ ನೋಂದಣಿಗೆ 1961ರಲ್ಲಿ ಕಾಯಿದೆಯಾಯಿತು. ಅಷ್ಟರಲ್ಲಿ ಹೈಸ್ಕೂಲು ಮುಗಿಸಿದ ಹುಡುಗಿಯರೂ ದೊರೆಯತೊಡಗಿದರು. ಶಾಲೆ ಮುಗಿದ ಕೂಡಲೇ ಬಂದು, ವಿದ್ಯಾರ್ಥಿನಿಲಯದಲ್ಲಿ ಇದ್ದು, ಹಗಲು ರಾತ್ರಿ ಪಾಳಿ ಮಾಡುವ ಹುಡುಗಿ ಆಸ್ಪತ್ರೆಗೆ ಅನುಕೂಲ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಸಂಜೆ ಮನೆಗೆ ಓಡಬೇಕಾದ ಅವಸರವಿಲ್ಲ. ವಯಸ್ಸು ಇಳಿದದ್ದು ಎಳೆಯರೇ ಉತ್ತಮ ದಾದಿಯರೆಂದು ಯಾರೋ ಪರೀಕ್ಷಿಸಿ ಕಂಡುಕೊಂಡದ್ದರಿಂದಲ್ಲ. ಬಹುಮಟ್ಟಿಗೆ ಈ ಅನುಕೂಲದಿಂದ.

ಅನುಕೂಲದ ಬೆನ್ನಿಗೇ ಒಂದು ಕಟ್ಟಳೆಯೂ ಬಂತು. ದಾದಿಗೆ ಮದುವೆ ಸಲ್ಲದು ಎಂಬ ಭಾವನೆ ಎಷ್ಟು ಬಲವಾಗಿತ್ತೆಂದರೆ, ಸೈನ್ಯದ ಶುಶ್ರೂಷಾ ವಿಭಾಗದಲ್ಲಿ ಮದುವೆಯಾದವರನ್ನು ಕೆಲಸದಿಂದ ಬಿಡುಗಡೆ ಮಾಡುವ ನಿಯಮ 1995ರ ವರೆಗೂ ಇತ್ತು. 1988ರಲ್ಲಿ ಹೀಗೆ ಕೆಲಸ ಕಳೆದುಕೊಂಡ ಅಧಿಕಾರಿಯೊಬ್ಬರು ದಶಕಗಳ ಕಾಲ ಹೋರಾಡಿದರು. ಕೊನೆಗೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ನಿಯಮ ಸಂವಿಧಾನಕ್ಕೆ ವಿರುದ್ಧವೆಂದು ಹೇಳಿ ಅವರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಸಂಸಾರಸ್ಥ ಹೆಂಗಸಿಗೆ ವಾರ್ಡಿನಲ್ಲಿ ಜಾಗವಿಲ್ಲವೆಂಬ ಮಾತಿಗೆ ಅಷ್ಟು ದೀರ್ಘ ಆಯುಸ್ಸು.

ಇದೇ ಕಾಲದಲ್ಲಿ ಮತ್ತೊಂದು ಬಾಗಿಲನ್ನು ತೆರೆದವರೂ ಇದ್ದರು. ದುರ್ಗಾಬಾಯಿ ದೇಶಮುಖ್ ಹನ್ನೆರಡರ ಸುಮಾರಿಗೆ ಶಾಲೆ ಬಿಟ್ಟವರು; ಆಮೇಲೆ ಖಾಸಗಿಯಾಗಿ ಓದಿ ಪದವಿ ಪಡೆದು ವಕೀಲರಾದವರು. ಬಿಟ್ಟುಹೋದ ಓದಿನ ಕಷ್ಟ ಅವರಿಗೆ ಸ್ವಾನುಭವದಿಂದ ಗೊತ್ತಿತ್ತು. 1953ರಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆ. ಆ ಮಂಡಳಿ 1958ರಲ್ಲಿ ವಯಸ್ಕ ಸ್ತ್ರೀಯರಿಗಾಗಿ ಸಂಕ್ಷಿಪ್ತ ಪಾಠಕ್ರಮವೊಂದನ್ನು ಆರಂಭಿಸಿತು. 20ರಿಂದ 35 ವರ್ಷದೊಳಗಿನ, ಓದು ನಡುವೆಯೇ ನಿಂತ ಹೆಂಗಸರು ಸುಮಾರು ಎರಡು ವರ್ಷಗಳಲ್ಲಿ ಪರೀಕ್ಷೆಗೆ ಸಿದ್ಧರಾಗಿ, ಮುಂದೆ ಉಪಾಧ್ಯಾಯಿನಿ, ದಾದಿ, ಹೆರಿಗೆ ಸಹಾಯಕಿ, ಗ್ರಾಮಸೇವಿಕೆಯರ ಶಿಕ್ಷಣಕ್ಕೆ ಅರ್ಹರಾಗಲಿ ಎಂಬುದು ಅದರ ಉದ್ದೇಶ. ತಡವಾಗಿ ಬಂದವಳಿಗೆ ‘ಬಾ’ ಎಂದರೆ ಸಾಲದು, ಅವಳು ಹತ್ತಿ ಬರಲು ಮೆಟ್ಟಿಲೂ ಬೇಕು ಎಂಬುದನ್ನು ಅರಿತ ಯೋಜನೆ ಅದು.

ಇಂದಿನ ನಿಯಮ ಏನು? ಶುಶ್ರೂಷಾ ಪರಿಷತ್ತಿನ ಕಟ್ಟಳೆಯಂತೆ ಮೂರು ವರ್ಷದ ಜಿ. ಎನ್. ಎಂ. ಡಿಪ್ಲೊಮಾಕ್ಕೆ ಸೇರುವ ವಯಸ್ಸು 17ರಿಂದ 35. ನಾಲ್ಕು ವರ್ಷದ ಬಿ. ಎಸ್ಸಿ. ನರ್ಸಿಂಗ್ ಪದವಿಗೂ ಇದೇ ಗೆರೆ. ಹಳ್ಳಿಗಳಲ್ಲಿ ದುಡಿಯುವ ಎ. ಎನ್. ಎಂ. ಸಹಾಯಕಿಯರು ಜಿ. ಎನ್. ಎಂ. ಓದಲು ಬಂದರೆ ಅವರಿಗೆ ವಯಸ್ಸಿನ ಅಡ್ಡಿಯಿಲ್ಲ. ನೈಟಿಂಗೇಲ್ ಶಾಲೆಯ ಲೆಕ್ಕದೊಂದಿಗೆ ಇದನ್ನು ಹೋಲಿಸಿ ನೋಡಿ. 1860ರಲ್ಲಿ 25ರಿಂದ 35. ಈಗ 17ರಿಂದ 35. ಕೆಳಗಿನ ಗೆರೆ ಎಂಟು ವರ್ಷ ಕೆಳಗಿಳಿದಿದೆ, ಮೇಲಿನ ಗೆರೆ ಮಾತ್ರ ಅಲ್ಲಿಯೇ ನಿಂತಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ನಮ್ಮವರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು ಎಪ್ಪತ್ತರ ಹತ್ತಿರ. ಆಯುಸ್ಸು ಇಮ್ಮಡಿಯಾಗಿ ಬೆಳೆದಿರುವಾಗ ಕಲಿಯುವ ವಯಸ್ಸು ಮಾತ್ರ ಬೆಳೆಯಬಾರದೆ? ಇಂಗ್ಲೆಂಡಿನಲ್ಲಿ ಈಗ ನರ್ಸಿಂಗ್ ಕಲಿಯಲು ಮೇಲಿನ ವಯೋಮಿತಿಯೇ ಇಲ್ಲ. ನಮ್ಮಲ್ಲಿಯೂ 2005ರಲ್ಲಿ ಆಶಾ ಕಾರ್ಯಕರ್ತೆಯರನ್ನು ಆರಿಸಲು ತೊಡಗಿದಾಗ 25ರಿಂದ 45ರ ವಯಸ್ಸನ್ನೇ ಬಯಸಿದರು. ಮದುವೆಯಾದವಳು, ವಿಧವೆ, ಗಂಡನಿಂದ ಬೇರೆಯಾದವಳು, ಇಂಥವರೇ ಊರಿನಲ್ಲಿ ನೆಲೆಯಾಗಿ ನಿಲ್ಲುತ್ತಾರೆಂಬ ನಂಬಿಕೆಯಿಂದ. ಮನೆ ಮನೆಗೆ ಹೋಗಲು ನಂಬಿಕೆಗೆ ಅರ್ಹಳಾದವಳು ಪಾಠಶಾಲೆಗೆ ಅನರ್ಹಳಾಗುವುದು ಹೇಗೆ?

ಒಂದು ಸಣ್ಣ ಲೆಕ್ಕ. 34ರಲ್ಲಿ ಡಿಪ್ಲೊಮಾಕ್ಕೆ ಸೇರಿದವಳು 37ಕ್ಕೆ ಮುಗಿಸುತ್ತಾಳೆ. ಅರವತ್ತರ ವರೆಗೆ ದುಡಿದರೂ 23 ವರ್ಷ. ಇದು ಸಣ್ಣ ಅವಧಿಯೆ? ಆದರೆ ಲೆಕ್ಕ ಹಾಕುವಾಗ ಎಚ್ಚರವೂ ಬೇಕು. ಡಿಪ್ಲೊಮಾಕ್ಕೆ ಪಿ. ಯು. ಸಿ. ಆಗಿರಬೇಕು; ಪದವಿಗಾದರೆ ವಿಜ್ಞಾನದ ಪಿ. ಯು. ಸಿ. ಬೇಕು. ಎಸ್. ಎಸ್. ಎಲ್. ಸಿ.ಗೇ ಓದು ನಿಂತವರು ಮುಕ್ತ ಶಾಲೆಯ ಮೂಲಕ ಆ ಮೆಟ್ಟಿಲನ್ನು ಮೊದಲು ಹತ್ತಬೇಕಾಗುತ್ತದೆ. ಅದಕ್ಕೂ ಕಾಲ ಹಿಡಿಯುತ್ತದೆ. ಸರ್ಕಾರಿ ನೌಕರಿಗೆ ಬೇರೊಂದು ವಯೋಮಿತಿಯಿದೆ. ನಮ್ಮ ರಾಜ್ಯದ ನೇಮಕಾತಿ ನಿಯಮಗಳಲ್ಲಿ ವಿಧವೆಯರಿಗೆ ಹತ್ತು ವರ್ಷಗಳ ಸಡಿಲಿಕೆಯುಂಟು. ಆದರೆ ಆ ಸಡಿಲಿಕೆ ಉಪಯೋಗಕ್ಕೆ ಬರಬೇಕಾದರೆ ಮೊದಲು ಶಾಲೆ ಮುಗಿದಿರಬೇಕು. ಇದನ್ನೆಲ್ಲ ಅರ್ಜಿ ಹಾಕುವ ಮುಂಚೆಯೇ ವಿಚಾರಿಸಿಕೊಳ್ಳುವುದು ಜಾಣತನ. ಮೂವತ್ತೈದರ ಗೆರೆ ಇರುವಾಗ ‘ಬರುವ ವರ್ಷ ನೋಡೋಣ’ ಎಂಬ ಮಾತು ಬಹಳ ದುಬಾರಿ.

ಶಾಲೆ ಸೇರಿದ ಮೇಲೆ ಕಷ್ಟವಿಲ್ಲವೆಂದು ಹೇಳಲಾರೆವು. ಹದಿನೆಂಟರ ಹುಡುಗಿ ಒಂದು ಸಲ ಓದಿ ನೆನಪಿಡುವ ಎಲುಬುಗಳ ಹೆಸರನ್ನು ಮೂವತ್ತರವಳು ನಾಲ್ಕು ಸಲ ಓದಬೇಕಾದೀತು. ರಾತ್ರಿ ಪಾಳಿ ಮುಗಿಸಿ ಬಂದರೆ ಮನೆಯ ಒಲೆ ಕಾದಿರುತ್ತದೆ. ಮಕ್ಕಳಿಗೆ ಜ್ವರ ಬಂದ ದಿನವೇ ಪರೀಕ್ಷೆಯೂ ಬರಬಹುದು. ಆದರೆ ವಾರ್ಡಿಗೆ ಇಳಿದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಅಳುವ ಮಗುವನ್ನು ಹೇಗೆ ಹಿಡಿಯಬೇಕು, ಊಟ ಬೇಡವೆನ್ನುವ ಮುದುಕನಿಗೆ ಹೇಗೆ ತುತ್ತು ಕೊಡಬೇಕು, ಸಾವಿನ ಸುದ್ದಿ ಕೇಳಿದವರ ಪಕ್ಕದಲ್ಲಿ ಹೇಗೆ ಸುಮ್ಮನೆ ನಿಲ್ಲಬೇಕು, ಇವನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಕಲಿಸದು. ಬದುಕು ಅವಳಿಗೆ ಇಷ್ಟನ್ನು ಮುಂಗಡವಾಗಿ ಕಲಿಸಿ ಕಳುಹಿಸಿರುತ್ತದೆ. 25 ತುಂಬಿದವರೇ ಬರಲಿ ಎಂದು ಅಂದಿನವರು ಬರೆದಿಟ್ಟದ್ದರ ಮರ್ಮ ಇದೇ ಇರಬೇಕು.

ಇನ್ನು ಮನೆಯವರ ಪಾಲು. ಆನಂದಿಬಾಯಿಯವರ ಕಾಲದಲ್ಲಿ ಹೆಂಗಸೊಬ್ಬಳು ಕಲಿಯಲು ಹೊರಟರೆ ಜಾತಿಯೇ ಎದುರು ನಿಲ್ಲುತ್ತಿತ್ತು. ಈಗ ಎದುರು ನಿಲ್ಲುವುದು ಹೆಚ್ಚಾಗಿ ಸಂಜೆಯ ಅಡುಗೆ, ಮಕ್ಕಳ ಶಾಲೆಯ ಹೊತ್ತು, ಪಾಳಿ ಮುಗಿಸಿ ಬರುವವಳನ್ನು ಬಸ್ ನಿಲ್ದಾಣದಿಂದ ಕರೆತರುವವರಿಲ್ಲದಿರುವುದು. ಇವು ಬೆಟ್ಟದಂಥ ಅಡ್ಡಿಗಳಲ್ಲ. ಅತ್ತೆಯೋ, ಗಂಡನೋ, ಅಣ್ಣನೋ ಮೂರು ವರ್ಷ ಹೆಗಲು ಕೊಟ್ಟರೆ ದಾಟಬಹುದಾದಂಥವು. ಶಾಲೆಗಳೂ ಪಾಳಿಯ ಪಟ್ಟಿ ಬರೆಯುವಾಗ ತಾಯಂದಿರಾದ ವಿದ್ಯಾರ್ಥಿನಿಯರನ್ನು ನೆನೆಯಬಹುದು. ಮೂವತ್ತೈದರ ಗೆರೆಯನ್ನು ಎಳೆದವರು ಅದನ್ನು ಅಳಿಸುವ ಯೋಚನೆಯನ್ನೂ ಮಾಡಬಹುದು.

ಗಿಡದ ಗಾದೆಯನ್ನು ನಾವು ತಳ್ಳಿಹಾಕಬೇಕಾಗಿಲ್ಲ. ಗಿಡ ಬಗ್ಗುವುದು ನಿಜ. ಆದರೆ ದಣಿದು ಬಂದವರು ಒರಗಿ ಕೂರುವುದು ಮರಕ್ಕೆ. ರೋಗಿಗೆ ಬೇಕಾದದ್ದು ಎರಡನೆಯದೂ ಹೌದು. ವಿದ್ಯಾನಗರದ ಬೀದಿಯಲ್ಲಿ ಹೊಸ ಸಮವಸ್ತ್ರ ತೊಟ್ಟು, ಕೈಯಲ್ಲಿ ಪುಸ್ತಕ ಹಿಡಿದು, ಮಗಳನ್ನು ಶಾಲೆಗೆ ಬಿಟ್ಟು ತಾನೂ ಶಾಲೆಗೆ ಹೊರಟ ತಾಯಿ ಎದುರಾದರೆ, ‘ಈ ವಯಸ್ಸಿನಲ್ಲಿ ಏಕೆ’ ಎಂದು ಕೇಳುವ ಬದಲು ‘ಹೋಗಿ ಬಾ, ಅವ್ವಾ’ ಎಂದು ಹರಸುವುದು ಮೇಲು. ದಾದಿಯರ ಶಾಲೆಯಲ್ಲಿ ಅವಳು ಹೊರಗಿನವಳಲ್ಲ. ಆ ಶಾಲೆಯನ್ನು ಮೊದಲು ತೆರೆದದ್ದೇ ಅವಳಂಥವರಿಗಾಗಿ.